ಕೈ ಸುಮ್ಮನಿರದವನ ಸೋಡಾ ಬ್ರೆಡ್ಡು

ಐರ್ಲೆಂಡಿನ ಸೋಡಾ ಬ್ರೆಡ್ಡಿಗೆ ಬೇಕಾಗುವುದು ನಾಲ್ಕೇ ಸಾಮಾನು: ಹಿಟ್ಟು, ಉಪ್ಪು, ಅಡುಗೆ ಸೋಡಾ, ಮಜ್ಜಿಗೆ. ಈಸ್ಟ್ ಹಾಕುವ ರಗಳೆಯಿಲ್ಲ, ಹಿಟ್ಟು ಉಬ್ಬಲಿ ಎಂದು ಕಾಯುವುದಿಲ್ಲ, ನಾದುವುದಂತೂ ಇಲ್ಲವೇ ಇಲ್ಲ. ಮಾಡುವವನು ಎಷ್ಟು ಕಡಿಮೆ ಕೆಲಸ ಮಾಡುತ್ತಾನೋ ಬ್ರೆಡ್ಡು ಅಷ್ಟು ಚೆನ್ನಾಗಿ ಬರುತ್ತದೆ. ಒಟ್ಟಿನಲ್ಲಿ ಸೋಮಾರಿಗಳಿಗೆಂದೇ ದೇವರು ದಯಪಾಲಿಸಿದ ತಿಂಡಿ. ಮದುವೆಯಾದಾಗಿನಿಂದ ಹೆಂಡತಿ ನನಗೆ ಮನಸಾರೆ ಕೊಟ್ಟ ಬಿರುದು ಅದೊಂದೇ ಆಗಿರುವುದರಿಂದ, ಈ ಬ್ರೆಡ್ಡಿಗೂ ನನಗೂ ಜಾತಕ ಕೂಡಿಬಂದಿದೆ ಎಂದೇ ನಾನು ತಿಳಿದೆ.

ಡಬ್ಲಿನ್ನಿನಲ್ಲಿ ಮನೆ ಮಾಡಿದ ಮೇಲೆ ಎಲ್ಲಿ ಹೋದರೂ ಇದೇ ಬ್ರೆಡ್ಡು. ಬೆಳಿಗ್ಗೆ ಬೆಣ್ಣೆ ಸವರಿ ತಿನ್ನುತ್ತಾರೆ, ಮಧ್ಯಾಹ್ನ ಸೂಪಿನ ಜೊತೆ ತಿನ್ನುತ್ತಾರೆ. ಮಾರ್ಚ್ 17ಕ್ಕೆ ಸೇಂಟ್ ಪ್ಯಾಟ್ರಿಕ್ ಹಬ್ಬ, ದೇಶಕ್ಕೆಲ್ಲ ರಜೆ. ಹಿಂದಿನ ದಿನ ಆಫೀಸಿಗೆ ಒಬ್ಬೊಬ್ಬರು ಒಂದೊಂದು ತಿಂಡಿ ತರುವುದೆಂದು ಮಾತಾಯಿತು. ನನ್ನನ್ನು ಯಾರೂ ಕೇಳಿರಲಿಲ್ಲ. "ಸೋಡಾ ಬ್ರೆಡ್ಡು ನಂದು. ಮನೇಲೇ ಮಾಡಿ ತರ್ತೀನಿ" ಎಂದು ಬಾಯಿ ತಾನಾಗಿ ಹೇಳಿಬಿಟ್ಟಿತು. ಐರಿಷ್ ಸಹೋದ್ಯೋಗಿಗಳು ಮುಖ ಮುಖ ನೋಡಿಕೊಂಡರು. ಮೆಚ್ಚುಗೆಗೆ ಮಾತು ಹೊರಡುತ್ತಿಲ್ಲ ಪಾಪ ಎಂದುಕೊಂಡೆ.

ಪಕ್ಕದ ಮನೆಯ ಅಜ್ಜಿ ಕೆರ್ರಿ ಕಡೆಯವರು. ಬೇಲಿಯಾಚೆಯಿಂದಲೇ ಪಾಠ ಶುರು ಮಾಡಿದರು. ಹಿಟ್ಟು 450 ಗ್ರಾಂ. ಸೋಡಾ ಒಂದು ಟೀ ಚಮಚ, ಅದೂ ತಲೆ ಸವರಿ. ಉಪ್ಪು ಅಷ್ಟೇ. ಮಜ್ಜಿಗೆ 350ರಿಂದ 400 ಮಿಲಿಲೀಟರ್. ಐದೂ ಬೆರಳು ಅಗಲಿಸಿ, ಸೆಟೆದು ಹಿಡಿದು, ಬೋಗುಣಿಯಲ್ಲಿ ದುಂಡಗೆ ಸುತ್ತಿಸಬೇಕು. ಹಿಟ್ಟು ಒಂದಕ್ಕೊಂದು ಹಿಡಿದುಕೊಂಡ ಕೂಡಲೇ ಕೈ ತೆಗೆಯಬೇಕು. "ತೆಗೀಬೇಕು, ಗೊತ್ತಾಯ್ತಾ?" ಎಂದು ಎರಡು ಸಲ ಹೇಳಿದರು. ನನ್ನ ಕೈಯಲ್ಲಿ ಏನು ಕಂಡರೋ. ಅವರ ತಾಯಿ ಬ್ಯಾಸ್ಟಿಬಲ್ ಎಂಬ ಮೂರು ಕಾಲಿನ ಕಬ್ಬಿಣದ ಪಾತ್ರೆಯಲ್ಲಿ, ಕೆಳಗೆ ಪೀಟ್ ಎಂಬ ಒಣ ಜೌಗುಮಣ್ಣಿನ ಬೆಂಕಿ, ಮುಚ್ಚಳದ ಮೇಲೆ ಕೆಂಡ ಇಟ್ಟು ಇದನ್ನು ಸುಡುತ್ತಿದ್ದರಂತೆ. "ನಿನಗೇನು, ಓವನ್ ಇದೆ" ಎಂದು ಒಳಗೆ ಹೋದರು.

ಅಂಗಡಿಯಲ್ಲಿ ಹಿಟ್ಟಿನ ಸಾಲಿನ ಮುಂದೆ ನಿಂತೆ. ಅಜ್ಜಿ ಹೇಳಿದ್ದು ಸಾದಾ ಮೈದಾ. ಅದರ ಪಕ್ಕದಲ್ಲೇ 'ಸ್ಟ್ರಾಂಗ್' ಎಂದು ದಪ್ಪ ಅಕ್ಷರದಲ್ಲಿ ಬರೆದ ಪೊಟ್ಟಣ. ಸ್ಟ್ರಾಂಗ್ ಸಿಗುವಾಗ ಮೀಸೆ ಹೊತ್ತವನು ಸಾದಾ ಕೊಳ್ಳುವುದುಂಟೆ? ಐರ್ಲೆಂಡಿನ ಮಳೆ ಚಳಿಯಲ್ಲಿ ಬೆಳೆಯುವ ಗೋಧಿ ಮೆದು, ಅದರಲ್ಲಿ ಗ್ಲುಟೆನ್ ಎಂಬ ಅಂಟು ಕಡಿಮೆ, ಈಸ್ಟಿಗೆ ಅಷ್ಟಾಗಿ ಒಗ್ಗುವುದಿಲ್ಲ. 1830ರ ದಶಕದ ಹೊತ್ತಿಗೆ ಅಡುಗೆ ಸೋಡಾ ಬಂದದ್ದೇ, ಹಳ್ಳಿ ಮನೆಗಳು ಅದನ್ನು ಬಿಡದೆ ಹಿಡಿದುಕೊಂಡವು. ಹೀಗೆ ಮೆದು ಹಿಟ್ಟನ್ನೇ ನಂಬಿ ಹುಟ್ಟಿದ ಬ್ರೆಡ್ಡಿಗೆ ನಾನು ಪೈಲ್ವಾನ್ ಹಿಟ್ಟು ಹೊತ್ತು ತಂದೆ. ದುಡ್ಡೂ ಜಾಸ್ತಿ ಕೊಟ್ಟೆ.

ಮಜ್ಜಿಗೆಯ ಪೊಟ್ಟಣವನ್ನು ಫ್ರಿಜ್ಜಿನಲ್ಲಿಟ್ಟು ಒಂದು ನಿದ್ದೆ ತೆಗೆದು ಬಂದೆ. ಅಷ್ಟರಲ್ಲಿ ಅದು ಊಟದ ಮೇಜಿನ ಮೇಲಿತ್ತು. ಸಾಸಿವೆ, ಕರಿಬೇವು, ಇಂಗಿನ ಒಗ್ಗರಣೆ ಹಾಕಿಸಿಕೊಂಡು ಘಮ್ಮೆನ್ನುತ್ತಿತ್ತು. "ಅದು ಬ್ರೆಡ್ಡಿಗೆ ತಂದದ್ದು ಕಣೇ!" ಎಂದೆ. "ಮಜ್ಜಿಗೆ ಅಂತ ಬರ್ದಿದೆ. ಮಜ್ಜಿಗೆಗೆ ಏನ್ ಮಾಡ್ತಾರೋ ಅದನ್ನೇ ಮಾಡ್ದೆ" ಎಂದಳು ನನ್ನಾಕೆ. ವಾದದಲ್ಲಿ ಹುರುಳಿತ್ತು. ನಾನೂ ಎರಡು ಲೋಟ ಕುಡಿದು, ಮನೆಯ ಮೊಸರಿಗೆ ನೀರು ಬೆರೆಸಿ ಕಡೆದು ಕೂತೆ.

ಸೋಡಾ ಡಬ್ಬ ಹುಡುಕಿದರೆ ಅದು ಸಿಂಕಿನ ಕೆಳಗೆ ಸಿಕ್ಕಿತು. ಕಡಲೆಕಾಳು ಬೇಯಿಸುವುದು, ಫ್ರಿಜ್ಜಿನ ವಾಸನೆ ತೆಗೆಯುವುದು, ಸಿಂಕ್ ತಿಕ್ಕುವುದು, ನಮ್ಮಲ್ಲಿ ಈ ಮೂರು ಖಾತೆಗೂ ಒಬ್ಬನೇ ಮಂತ್ರಿ. ಒಂದು ಚಮಚ ಹಾಕಿದರೆ ಇಷ್ಟು ಉಬ್ಬುವುದಾದರೆ ಮೂರು ಹಾಕಿದರೆ ಎಷ್ಟು ಉಬ್ಬಬೇಡ ಎಂದು ಲೆಕ್ಕ ಹಾಕಿದೆ. ಎಂಜಿನಿಯರಿಂಗ್ ಓದಿದವನ ಲೆಕ್ಕ.

ಬೆರಳು ಅಗಲಿಸಿ ಸುತ್ತಿಸತೊಡಗಿದ್ದೆ. ಸರಿಯಾಗಿ ಆಗಲೇ ಶಿವಮೊಗ್ಗದಿಂದ ಅಮ್ಮನ ವಿಡಿಯೊ ಕಾಲ್. "ಏನೋ ಅದು, ಹಿಟ್ಟು ಕಲಸೋದಾ ಅಥವಾ ಪಾತ್ರೆ ತೊಳೆಯೋದಾ? ನಾದೋ ಸರಿಯಾಗಿ!" ಹೆತ್ತ ತಾಯಿಯ ಮಾತು. ಕೈಯೂ ಅದನ್ನೇ ಕಾಯುತ್ತಿತ್ತು. ಅಂಗೈ ಊರಿ, ಮಡಚಿ, ಗುದ್ದಿ, ಬೆವರಿಳಿಯುವವರೆಗೆ ನಾದಿದೆ. "ಈಗ ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ನೆನೆಯೋಕ್ ಬಿಡು" ಎಂದರು ಅಮ್ಮ. ಬಿಟ್ಟೆ. ಸೋಡಾ ಎನ್ನುವುದು ಮಜ್ಜಿಗೆಯ ಹುಳಿ ಸೋಕಿದ ಕ್ಷಣವೇ ಗುಳ್ಳೆ ಏಳಿಸುತ್ತದೆ. ಆ ಗುಳ್ಳೆ ಜೀವಂತ ಇರುವಾಗಲೇ ಹಿಟ್ಟು ಓವನ್ ಸೇರಬೇಕು. ಆದರೆ ಅಮ್ಮನ ಎದುರು ರಸಾಯನಶಾಸ್ತ್ರ ಮಾತಾಡಿ ಗೆದ್ದ ಮಗ ಯಾರಿದ್ದಾರೆ? ಅರ್ಧ ಗಂಟೆಯಲ್ಲಿ ಗುಳ್ಳೆಗಳೆಲ್ಲ ಒದ್ದೆ ಬಟ್ಟೆಯ ಕೆಳಗೇ ವೈಕುಂಠ ಸೇರಿದವು.

ಇನ್ನು ಓವನ್. ಹೊರದೇಶದಲ್ಲಿರುವ ನಮ್ಮವರ ಮನೆಯ ಓವನ್ ಎಂದರೆ ನೆಲದ ಮೇಲಿನ ಅಟ್ಟ. ದೋಸೆ ಕಾವಲಿ, ಪಡ್ಡಿನ ಹಂಚು, ಕುಕ್ಕರಿನ ಹೊಟ್ಟೆಯಲ್ಲಿ ಬಾಣಲೆ, ಬಾಣಲೆಯ ಹೊಟ್ಟೆಯಲ್ಲಿ ಜರಡಿ. ಎಲ್ಲವನ್ನೂ ಹೊರಗೆಳೆದು ನೆಲದ ಮೇಲೆ ಹರಡಿ, 230 ಡಿಗ್ರಿಗೆ ತಿರುಗಿಸಿದೆ. ಹಿಂದಿನ ಮೂಲೆಯಲ್ಲಿ ಇಡ್ಲಿ ಹಿಟ್ಟಿನ ಡಬ್ಬದ ಪ್ಲಾಸ್ಟಿಕ್ ಮುಚ್ಚಳವೊಂದು ಉಳಿದುಕೊಂಡಿದ್ದು ನನಗಿಂತ ಮೊದಲು ಗೊತ್ತಾದದ್ದು ಹೊಗೆ ಅಲಾರಮ್ಮಿಗೆ. ಅದು ಬೀದಿಗೆಲ್ಲ ಸಾರಿತು. ಮಗಳು ಟವೆಲ್ ಬೀಸಿದಳು, ನಾನು ಕುರ್ಚಿ ಹತ್ತಿದೆ, ನನ್ನಾಕೆ ಮುಚ್ಚಳದ ಬೆಲೆ ಹೇಳಿದಳು. ಬಾಗಿಲಲ್ಲಿ ಅಜ್ಜಿ.

ಅವರು ಹೊಗೆಯ ಕಡೆ ತಿರುಗಿಯೂ ನೋಡಲಿಲ್ಲ. ನೋಡಿದ್ದು ಟ್ರೇಯಲ್ಲಿದ್ದ ಉಂಡೆಯನ್ನು. "ಶಿಲುಬೆ ಗೀರಿಲ್ಲವಲ್ಲ!" ಬ್ರೆಡ್ಡಿನ ತಲೆಯ ಮೇಲೆ ಆಚೆಯಂಚಿಂದ ಈಚೆಯಂಚಿಗೆ ಆಳವಾಗಿ ಶಿಲುಬೆಯಾಕಾರ ಕೊಯ್ಯಬೇಕು, ಒಳಗಿರುವ ಕಿನ್ನರರು ಆ ದಾರಿಯಲ್ಲಿ ಹೊರಗೆ ಹೋಗುತ್ತಾರೆ ಎಂಬುದು ಇಲ್ಲಿನ ನಂಬಿಕೆ. ದಪ್ಪಗಿರುವ ನಡುಭಾಗಕ್ಕೂ ಶಾಖ ಹೋಗುತ್ತದೆ ಎಂಬುದು ಲೌಕಿಕ ಕಾರಣ. ನಾನು ಚಾಕು ಹಾಕಿದೆ. ಪೈಲ್ವಾನ್ ಹಿಟ್ಟು ಚಾಕುವನ್ನೇ ಹಿಡಿದುಕೊಂಡಿತು.

230ರಲ್ಲಿ ಹದಿನೈದು ನಿಮಿಷ, 200ಕ್ಕೆ ಇಳಿಸಿ ಮತ್ತೆ ಅರ್ಧ ಗಂಟೆ. ತೆಗೆದು, ಮಗುಚಿ, ತಳವನ್ನು ಬೆರಳಿನಿಂದ ಬಡಿದರೆ ಟೊಳ್ಳು ಸದ್ದು ಬರಬೇಕು. ಬಡಿದೆ. ಸದ್ದು ಬರಲಿಲ್ಲ, ಬೆರಳು ನೋಯಿತು. ಕೊಯ್ದು ನೋಡಿದರೆ ಒಳಗೆಲ್ಲ ಹಳದಿ, ಅಲ್ಲಲ್ಲಿ ಹಸಿರು ಛಾಯೆ. ಮಗಳು ಒಂದು ಚೂರು ಬಾಯಿಗೆ ಹಾಕಿಕೊಂಡು, "ಅಪ್ಪಾ, ಸೋಪಿನ ರುಚಿ. ಕಿನ್ನರರು ಇನ್ನೂ ಒಳಗೇ ಸ್ನಾನ ಮಾಡ್ತಿದ್ದಾರೆ" ಎಂದಳು. ಅಜ್ಜಿ ಮಾತ್ರ ಬಲು ಸೌಜನ್ಯದವರು. "ಇದನ್ನು ಬಾಗಿಲಿಗೆ ಅಡ್ಡ ಇಡಬಹುದು, ನಮ್ಮಲ್ಲಿ ಗಾಳಿ ಜಾಸ್ತಿ" ಎಂದರು.

ರಾತ್ರಿ ನನ್ನಾಕೆ ಮಂಗಳೂರಿನ ತಂಗಿಯ ಜೊತೆ ಫೋನಿನಲ್ಲಿ ಯಾರದೋ ಸೀಮಂತದ ಸೀರೆಯ ಬಗ್ಗೆ ಮಾತಾಡುತ್ತ ಅಡುಗೆಮನೆಯಲ್ಲಿ ಓಡಾಡುತ್ತಿದ್ದಳು. ಫೋನು ಕಿವಿಗೂ ಭುಜಕ್ಕೂ ನಡುವೆ. ಇದ್ದ ಮೈದಾ, ಹುಳಿ ಬಂದ ಮೊಸರು, ಚಿಟಿಕೆ ಲೆಕ್ಕದಲ್ಲಿ ಸೋಡಾ. ಸೀರೆಯ ಅಂಚಿನ ಬಣ್ಣ ತೀರ್ಮಾನವಾಗುವ ಮೊದಲೇ ಟ್ರೇ ಒಳಗೆ ಹೋಗಿತ್ತು. ಅವಳು ಒಂದು ಸಲವೂ ಗಡಿಯಾರ ನೋಡಲಿಲ್ಲ. ಹೊರಗೆ ಬಂದದ್ದು ಹೊಂಬಣ್ಣದ, ನಾಲ್ಕು ಹೋಳಾಗಿ ಅರಳಿದ, ಬಡಿದರೆ ಟೊಕ್ ಟೊಕ್ ಎನ್ನುವ ಬ್ರೆಡ್ಡು. ಸಿಪ್ಪೆ ಮೆತ್ತಗಿರಲಿ ಎಂದು ಬಟ್ಟೆಯಲ್ಲಿ ಸುತ್ತಿಟ್ಟಳು. "ಇದ್ಯಾವ ಬ್ರಹ್ಮವಿದ್ಯೆ? ಮೈದಾ, ಹುಳಿ ಮೊಸರು, ಸೋಡಾ. ಎಣ್ಣೆಗೆ ಬಿಡ್ಲಿಲ್ಲ ಅಂದ್ರೆ ಗೋಳಿಬಜೆ ತಾನೆ!"

ಮರುದಿನ ಆಫೀಸಿನಲ್ಲಿ ಬ್ರೆಡ್ಡು ನಿಮಿಷದಲ್ಲಿ ಖಾಲಿ. "ನೀನೇ ಮಾಡಿದ್ದಾ?" ಎಂದು ಕೇಳಿದರು. ನಾನು ನಮ್ರತೆಯಿಂದ ತಲೆ ತಗ್ಗಿಸಿದೆ. ತಗ್ಗಿಸಿದ ತಲೆಯನ್ನು ಅವರು ಹೌದು ಎಂದುಕೊಂಡರೆ ಅದು ಅವರ ಇಷ್ಟ. ಕೇಳಿದವರಿಗೆಲ್ಲ ಗ್ಲುಟೆನ್, ಗುಳ್ಳೆ, ಕಿನ್ನರರ ಬಗ್ಗೆ ಉಪನ್ಯಾಸ ಕೊಟ್ಟೆ. ಉಪನ್ಯಾಸ ಎಷ್ಟು ಚೆನ್ನಾಗಿತ್ತೆಂದರೆ, ಬರುವ ಶನಿವಾರ ಇಡೀ ತಂಡ ನಮ್ಮ ಮನೆಗೆ ಬಂದು ನನ್ನ ಕೈಚಳಕ ಕಣ್ಣಾರೆ ನೋಡುವುದೆಂದು ಅಲ್ಲೇ ನಿಶ್ಚಯವಾಯಿತು. ಮನೆಗೆ ಬಂದು ಹೇಳಿದೆ. ಶನಿವಾರ ನನ್ನಾಕೆಗೆ ಬೇರೆ ಕಡೆ ಕೆಲಸವಿದೆಯಂತೆ.

ನೀವೂ ಮಾಡುವುದಾದರೆ ಅಳತೆ ಮೇಲೆ ಹೇಳಿದ್ದೇನೆ, ಮೈದಾ ಸಾದಾದ್ದೇ ಇರಲಿ. ಮೊದಲು ಓವನ್ನಿನ ಒಳಗೆ ಇಣುಕಿ ನೋಡಿ. ಮಜ್ಜಿಗೆಯನ್ನು ಬಚ್ಚಿಡಿ. ಹಿಟ್ಟು ಒಂದುಗೂಡಿತೋ, ಕೈ ತೊಳೆದುಕೊಂಡುಬಿಡಿ. ಬ್ರೆಡ್ಡು ಬಿಸಿಯಿರುವ ದಿನವೇ ಬೆಣ್ಣೆ ಹಚ್ಚಿ ಮುಗಿಸಿ, ಮರುದಿನಕ್ಕೆ ಒಣಗುತ್ತದೆ. ಮತ್ತೆ, ಅಮ್ಮನಿಗೆ ಫೋನು ತಿಂದಾದ ಮೇಲೆ ಮಾಡಿ.