ಬರೋ ಸೋಮವಾರದ ರಾಯರು

ನಮ್ಮ ರಸ್ತೆಯಲ್ಲಿ ಮೂವರು ರಾಯರಿದ್ದಾರೆ. ಗುರುತು ತಪ್ಪದಿರಲಿ ಎಂದು ಒಬ್ಬರನ್ನು ಹಲಸಿನಮರದ ರಾಯರು ಅನ್ನುತ್ತೇವೆ, ಇನ್ನೊಬ್ಬರನ್ನು ನಾಯಿ ರಾಯರು ಅನ್ನುತ್ತೇವೆ, ಅವರೆದುರಿಗಲ್ಲ. ಮೂರನೆಯವರು ನಮ್ಮ ಎದುರು ಮನೆಯವರು, ಬರೋ ಸೋಮವಾರದ ರಾಯರು. ಈ ಹೆಸರು ಯಾರಿಟ್ಟರೋ ಕಾಣೆ, ಕೊರಿಯರ್ ಹುಡುಗನಿಗೂ ಗೊತ್ತು.

"ಮೇಷ್ಟ್ರೇ, ಬರೋ ಸೋಮವಾರದಿಂದ ಶುರು" ಎಂದು ಅವರು ಗೇಟಿನ ಚಿಲಕ ತೆಗೆಯುತ್ತ ಹೇಳಿದರೆ, ಏನು ಶುರು ಎಂದು ನಾನು ಕೇಳುವುದಿಲ್ಲ. ಕಾಫಿ ಲೋಟ ಕೈಗೆ ಬರುವಷ್ಟರಲ್ಲಿ ಅವರೇ ಹೇಳಿ ಮುಗಿಸಿರುತ್ತಾರೆ. ನಡಿಗೆ, ಸೂರ್ಯನಮಸ್ಕಾರ, ಸಕ್ಕರೆ ಬಿಡುವುದು, ದಿನಕ್ಕೊಂದು ಕಗ್ಗ, ರಾಮಕೋಟಿ, ವೀಣೆ. ಹೌದು, ಒಮ್ಮೆ ವೀಣೆಯೂ ಬಂದಿತ್ತು. ಅದರ ಕತೆ ಬೇಡ. ಈಗದು ಅವರ ಮನೆ ಅಟ್ಟದ ಮೇಲೆ ಹಳೇ ಸೀರೆ ಸುತ್ತಿಕೊಂಡು ಮಲಗಿದೆ.

ಸೋಮವಾರ ಬಂದರೆ ಏನಾಗುತ್ತದೆ? ಏಳೂವರೆಗೆ ರಾಹುಕಾಲ ಶುರುವಾಗುತ್ತದೆ, ಒಂಬತ್ತರವರೆಗೆ. ವಾಕಿಂಗಿಗೆ ಹೇಳಿ ಮಾಡಿಸಿದ ಹೊತ್ತೇ ಅದು. "ಆರು ಗಂಟೆಗೇ ಹೊರಟುಬಿಡಿ ರಾಯರೇ" ಎಂದೆ ಒಮ್ಮೆ. ಅವರು ನನ್ನನ್ನು ಕನಿಕರದಿಂದ ನೋಡಿ, "ಆರಕ್ಕೆ ಹೊರಟ್ರೆ ವಾಪಸ್ ಬಂದು ಮನೆ ಹೊಸಲು ದಾಟೋದು ರಾಹುಕಾಲದಲ್ಲಿ ಆಗುತ್ತಲ್ರೀ" ಎಂದರು. ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಕೂತು ಸಾಲದ ಅರ್ಜಿ ವಾಪಸ್ ಕಳಿಸಿದ ಕೈ. ತಕರಾರು ಹುಡುಕುವುದಕ್ಕೆ ಅವರು ಕನ್ನಡಕ ಹಾಕಿಕೊಳ್ಳಬೇಕಾಗಿಲ್ಲ.

ನಮ್ಮ ಪಂಚಾಂಗವೂ ಇಂಥವರ ಪಾಲಿಗೆ ಬಹಳ ದಯಾಳು. ಊರಿಗೆಲ್ಲ ಹೊಸ ವರ್ಷ ಜನವರಿ ಒಂದಕ್ಕೆ. ಆದರೆ ಆಗ ಧನುರ್ಮಾಸ, ಶೂನ್ಯಮಾಸ. ಶೂನ್ಯಮಾಸದಲ್ಲಿ ಶುರುಮಾಡಿದ ಕೆಲಸ ಏನಾದೀತು, ಹೆಸರಲ್ಲೇ ಇದೆಯಲ್ಲ. ಹಾಗಾಗಿ ಸಂಕ್ರಾಂತಿಗೆ. ಸಂಕ್ರಾಂತಿ ದಿನ ಎಳ್ಳು ಬೀರಲು ಬಂದವರ ಗಲಾಟೆ. ಸೂರ್ಯನಮಸ್ಕಾರಕ್ಕೆ ರಥಸಪ್ತಮಿಗಿಂತ ಪ್ರಶಸ್ತವಾದ ದಿನ ಇನ್ನುಂಟೆ, ಆ ದಿನಕ್ಕೆ. ರಥಸಪ್ತಮಿ ದಿನ ನೂರೆಂಟು ಹಾಕುತ್ತೇನೆಂದು ಹೋಗಿ ಹನ್ನೊಂದಕ್ಕೆ ಸೊಂಟ ಹಿಡಿದುಕೊಂಡದ್ದು ಯುಗಾದಿಯ ಬೇವುಬೆಲ್ಲದ ಹೊತ್ತಿಗೆ ಬಿಟ್ಟಿತು. ಯುಗಾದಿ ತಪ್ಪಿದರೆ ಅವರ ಹುಟ್ಟುಹಬ್ಬ, ಅದೂ ತಪ್ಪಿದರೆ ಆಷಾಢ ಕಳೆಯಲಿ ಎಂದು ಶ್ರಾವಣ, ಕೊನೆಗೆ ವಿಜಯದಶಮಿ. ದಸರಾ ಊರಿನಲ್ಲಿದ್ದುಕೊಂಡು ವಿಜಯದಶಮಿ ದಿನ ಯಾರಾದರೂ ಮನೆಯಲ್ಲಿ ಕೂತು ಅಭ್ಯಾಸ ಮಾಡುತ್ತಾರೆಯೇ?

ಪೂಜೆಗೆ ಕೂತಾಗ ಪುರೋಹಿತರು ಸಂಕಲ್ಪ ಮಾಡಿಸುತ್ತಾರಲ್ಲ, ಜಂಬೂದ್ವೀಪದಿಂದ ಹಿಡಿದು, ಗೋದಾವರಿಯ ದಕ್ಷಿಣ ತೀರ, ಶಾಲಿವಾಹನ ಶಕೆ, ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರ, ಕೊನೆಗೆ ನಮ್ಮ ಗೋತ್ರ ನಕ್ಷತ್ರ, ದೇವರಿಗೆ ವಿಳಾಸ ಎಲ್ಲಿ ತಪ್ಪುತ್ತದೋ ಎಂಬ ಹಾಗೆ. ರಾಯರ ಸಂಕಲ್ಪವೂ ಅಷ್ಟೇ ಸವಿಸ್ತಾರ. ನಡಿಗೆ ಎಂದರೆ ಮೊದಲು ಬೂಟು. ಬೂಟಿಗೆ ತಕ್ಕ ಕಾಲುಚೀಲ. ಆಮೇಲೆ ಮಂಕಿ ಟೋಪಿ, ನಾಯಿ ಓಡಿಸಲು ಬೆತ್ತ, ಬೆತ್ತದ ತುದಿಗೆ ರಬ್ಬರ್ ಬುಷ್. ಒಂದು ಹಾಳೆಯ ಮೇಲೆ ಸ್ಕೇಲಿಟ್ಟು ಗೆರೆ ಹೊಡೆದು ತಿಂಗಳ ಟಾರ್ಗೆಟ್ಟು, ವಾರದ ಟಾರ್ಗೆಟ್ಟು. ಗುರಿ ಎಂಬ ಪದ ಅವರ ಬಾಯಲ್ಲಿ ಬಂದದ್ದನ್ನು ನಾನು ಕೇಳಿಲ್ಲ, ಬ್ಯಾಂಕಿನವರಿಗೆ ಅದು ಟಾರ್ಗೆಟ್ಟೇ. ಅಕ್ಷತೆ ನೀರು ಬಿಟ್ಟ ಮೇಲೆ ಪೂಜೆ ಶುರುವಾಗಬೇಕು. ರಾಯರಲ್ಲಿ ಅಲ್ಲಿಗೇ ಮಂಗಳಾರತಿ.

ನಿಯಮಿತ ಅಭ್ಯಾಸ ಎಂದರೇನು ಎಂದು ಮೈಸೂರಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಪಟ್ಟಾಭಿ ಜೋಯಿಸರು ಲಕ್ಷ್ಮೀಪುರದ ಮನೆಯಲ್ಲಿ ಕಲಿಸುತ್ತಿದ್ದ ಅಷ್ಟಾಂಗ ಯೋಗಕ್ಕೆಂದು ದಶಕಗಳಿಂದ ಪರದೇಶದವರು ಬರುತ್ತಲೇ ಇದ್ದಾರೆ. ಇನ್ನೂ ಕತ್ತಲಿರುವಾಗ ಗೋಕುಲಂ ಕಡೆ ಹೋದರೆ ಸುತ್ತಿದ ಚಾಪೆ ಬೆನ್ನಿಗೇರಿಸಿಕೊಂಡು ಬಾಡಿಗೆ ಸ್ಕೂಟರಿನಲ್ಲಿ ಹೊರಟವರು ಕಾಣುತ್ತಾರೆ. ರಾಯರು ಒಂದು ಸಂಜೆ ಅಲ್ಲಿಗೆ ವಿಚಾರಿಸಲು ಹೋಗಿ ಬಂದರು. ಬಂದವರ ಮುಖ ಬೆಳಗುತ್ತಿತ್ತು. "ಎಂಥ ಸೈಂಟಿಫಿಕ್ ಪದ್ಧತಿ ಮೇಷ್ಟ್ರೇ! ಶನಿವಾರ ಅಭ್ಯಾಸ ಇಲ್ಲ. ಅಮಾವಾಸ್ಯೆ ಇಲ್ಲ. ಹುಣ್ಣಿಮೆ ಇಲ್ಲ."

ಈ ಮೂರನ್ನೂ ಅವರು ಚಾಚೂ ತಪ್ಪದೆ ಪಾಲಿಸಿದರು. ಆಮೇಲೆ ಏಕಾದಶಿ ಸೇರಿತು, ಉಪವಾಸದ ಮೈ ಬಗ್ಗಿಸಬಾರದು. ದ್ವಾದಶಿಯೂ ಸೇರಿತು, ಪಾರಣೆಯ ಹೊಟ್ಟೆ ಬಗ್ಗುವುದಿಲ್ಲ. ಉಳಿದ ದಿನಗಳಲ್ಲಿ ಚಾಪೆ ಒಗೆದು ಒಣಹಾಕುತ್ತಿದ್ದರು.

ವಾಕಿಂಗಿನ ಕತೆ ಇಷ್ಟು ಸಲೀಸಾಗಿ ಮುಗಿಯಲಿಲ್ಲ. ಕುಕ್ಕರಹಳ್ಳಿ ಕೆರೆ ನಮ್ಮ ಮನೆಗೆ ಹತ್ತಿರ. ಕುವೆಂಪು ನಡೆದಾಡಿದ ಏರಿ. ಮೊದಲ ದಿನ ರಾಯರು ಹೋದದ್ದು ನಿಜ, ನಾನೇ ಸಾಕ್ಷಿ. ಗೇಟು ದಾಟಿ ಇನ್ನೂರು ಹೆಜ್ಜೆ ಹಾಕುವಷ್ಟರಲ್ಲಿ ಅವರ ಹಳೇ ಸಹೋದ್ಯೋಗಿಯೊಬ್ಬರು ಎದುರಾದರು. ಇಬ್ಬರೂ ಬೆಂಚಿನ ಮೇಲೆ ಕೂತು ಪಿಂಚಣಿಯ ಮಾತಿಗೆ ತೊಡಗಿದರು. ನಾನು ಕೆರೆ ಒಂದು ಸುತ್ತು ಬರುವಾಗ ತುಟ್ಟಿಭತ್ಯೆಯಲ್ಲಿದ್ದರು. ವಾಪಸ್ ಮನೆಗೆ ಬರುತ್ತ ರಾಯರು, "ಇವತ್ತು ಚೆನ್ನಾಗಿ ಬೆವರು ಬಂತು" ಎಂದರು. ಸಿಟ್ಟಿಗೂ ಬೆವರು ಬರುತ್ತದೆ, ಸುಳ್ಳಲ್ಲ.

ಆಮೇಲೆ ಪುಣೆಯಲ್ಲಿರುವ ಮಗಳು ಹೆಜ್ಜೆ ಎಣಿಸುವ ಗಡಿಯಾರ ಕಳಿಸಿದಳು. ದಿನಕ್ಕೆ ಹತ್ತು ಸಾವಿರ. ಈ ಹತ್ತು ಸಾವಿರ ಯಾವ ವೈದ್ಯಶಾಸ್ತ್ರದಿಂದಲೂ ಬಂದದ್ದಲ್ಲ ರಾಯರೇ, 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರುಕಟ್ಟೆಗೆ ಬಿಡುವಾಗ ಅದಕ್ಕೆ 'ಹತ್ತು ಸಾವಿರ ಹೆಜ್ಜೆಯ ಮೀಟರು' ಎಂದು ಹೆಸರಿಟ್ಟಿತು, ಅಲ್ಲಿಂದ ಈ ಲೆಕ್ಕ ಲೋಕಕ್ಕೆಲ್ಲ ಹಬ್ಬಿತು ಎಂದು ನಾನು ಓದಿದ್ದನ್ನು ಹೇಳಿದೆ. ಅವರಿಗೆ ಅದು ಕಿವಿಗೇ ಬೀಳಲಿಲ್ಲ. ಟಾರ್ಗೆಟ್ಟು ಎಲ್ಲಿಂದ ಬಂತು ಎಂದು ಬ್ಯಾಂಕಿನವರು ಕೇಳುವುದುಂಟೆ? ರಾತ್ರಿ ಹತ್ತೂಮುಕ್ಕಾಲಿಗೆ ಹಾಲಿನಲ್ಲಿ ಆ ಗೋಡೆಯಿಂದ ಈ ಗೋಡೆಗೆ ದಾಪುಗಾಲು ಹಾಕತೊಡಗಿದರು. ಕೆಳಗಿನ ಬಾಡಿಗೆಯವರು ಮೂರನೇ ದಿನ ಬಂದು, "ಅಂಕಲ್, ಮನೇಲಿ ಏನಾದ್ರೂ ತೊಂದ್ರೇನಾ?" ಎಂದು ವಿಚಾರಿಸಿದರು. ಆ ಮೇಲೆಯೇ ಉಯ್ಯಾಲೆಯ ಮರ್ಮ ತಿಳಿದದ್ದು. ಮಣೆಯ ಮೇಲೆ ಕೂತು ಕೈಯನ್ನು ಒಂದು ಹದದಲ್ಲಿ ಬೀಸುತ್ತ ತೂಗಿಕೊಂಡರೆ ಗಡಿಯಾರ ಅದನ್ನೂ ಹೆಜ್ಜೆ ಎಂದೇ ಎಣಿಸುತ್ತದೆ. ಚಕ್ಕುಲಿ ತಿನ್ನುತ್ತ ಒಂದು ಮಧ್ಯಾಹ್ನ ಅವರು ಆರು ಸಾವಿರ ಹೆಜ್ಜೆ ನಡೆದರು.

ಕಗ್ಗ, ರಾಮಕೋಟಿಗಳನ್ನು ಮುಗಿಸಿದ್ದು ಕೇವಲ ಗಣಿತ. ಡಿ.ವಿ.ಜಿ.ಯವರ ಮಂಕುತಿಮ್ಮನ ಕಗ್ಗ ಬಂದದ್ದು 1943ರಲ್ಲಿ. ಅದರಲ್ಲಿ 945 ಪದ್ಯ, ದಿನಕ್ಕೊಂದರಂತೆ ಎರಡು ವರ್ಷ ಏಳು ತಿಂಗಳು. ರಾಯರು ಎಂಟನೆಯದರಲ್ಲಿದ್ದಾರೆ, ಬಹಳ ವರ್ಷಗಳಿಂದ ಎಂಟನೆಯದರಲ್ಲೇ ಇದ್ದಾರೆ. ರಾಮಕೋಟಿಯ ಚೌಕುಳಿ ಪುಸ್ತಕ ತಂದ ದಿನ ಕ್ಯಾಲ್ಕುಲೇಟರ್ ಒತ್ತಿ ನೋಡಿದರು. ದಿನಕ್ಕೆ ಐನೂರು ನಾಮವಾದರೆ ಕೋಟಿಗೆ ಇಪ್ಪತ್ತು ಸಾವಿರ ದಿನ, ಎಂದರೆ ಐವತ್ತನಾಲ್ಕು ವರ್ಷದ ಮೇಲೆ. "ಆಗ ನನಗೆ ನೂರಿಪ್ಪತ್ತು ದಾಟಿರುತ್ತೆ. ವಿಶ್ವೇಶ್ವರಯ್ಯನವರಂಥ ಶಿಸ್ತಿನವರೇ ನೂರೊಂದಕ್ಕೆ ಹೋದ್ರು" ಎಂದು ಪುಸ್ತಕ ಮುಚ್ಚಿಟ್ಟರು. ಸಾಲ ತೀರುವ ಅವಧಿ ಸಾಲಗಾರನ ಆಯಸ್ಸಿಗಿಂತ ಉದ್ದವಾದರೆ ಅರ್ಜಿ ಮಂಜೂರಾಗದು.

ಇಪ್ಪತ್ತೊಂದು ದಿನ ಬಿಡದೆ ಮಾಡಿದರೆ ಅಭ್ಯಾಸ ತಾನೇ ಕೂಡಿಬರುತ್ತದೆ ಎಂದು ಅವರು ಎಲ್ಲೋ ಕೇಳಿಕೊಂಡು ಬಂದಿದ್ದರು. ಆ ಇಪ್ಪತ್ತೊಂದು ಅಮೆರಿಕದ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಪ್ಲಾಸ್ಟಿಕ್ ಸರ್ಜನ್ 1960ರ ತಮ್ಮ ಪುಸ್ತಕದಲ್ಲಿ ಬರೆದದ್ದು. ಶಸ್ತ್ರಚಿಕಿತ್ಸೆಯಾದವರು ತಮ್ಮ ಹೊಸ ಮುಖಕ್ಕೆ ಒಗ್ಗಿಕೊಳ್ಳಲು ಕಡೇಪಕ್ಷ ಅಷ್ಟು ದಿನ ಬೇಕು ಎಂದು. ಅಭ್ಯಾಸ ಕೂಡಿಬರಲು ಎಷ್ಟು ದಿನ ಬೇಕೆಂದು ಲಂಡನ್ನಿನಲ್ಲಿ ತೊಂಬತ್ತಾರು ಜನರನ್ನಿಟ್ಟುಕೊಂಡು ಲೆಕ್ಕ ಹಾಕಿದಾಗ ಸರಾಸರಿ ಅರವತ್ತಾರು ದಿನ ಬಂತು, ಕೆಲವರಿಗೆ ಇನ್ನೂರ ಐವತ್ತನಾಲ್ಕರವರೆಗೂ ಹೋಯಿತು. ಇದನ್ನು ಕೇಳಿದರೆ ರಾಯರಿಗೆ ಬೇಜಾರಾದೀತೆಂದು ಅಂಜುತ್ತಲೇ ಹೇಳಿದೆ. ಅವರು ಖುಷಿಯಿಂದ ತೊಡೆ ತಟ್ಟಿಕೊಂಡರು. "ಇನ್ನೂರ ಐವತ್ತನಾಲ್ಕೇ? ಹಾಗಿದ್ರೆ ನಾನೇನು ಲೇಟಾಗಿಲ್ಲ ಬಿಡಿ!"

ಇನ್ನು ಕೃತಜ್ಞತೆ. ಇದೂ ಮಗಳದೇ ಕಾಣಿಕೆ. ದಪ್ಪ ರಟ್ಟಿನ ಡೈರಿ, ಪ್ರತಿ ಪುಟದ ಮೇಲೆ 'ಇಂದು ನಾನು ಯಾವುದಕ್ಕೆ ಕೃತಜ್ಞ?' ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ನಮ್ಮ ಕಡೆ ಈ ಪ್ರಶ್ನೆ ಕೇಳಿ ಅಭ್ಯಾಸವಿಲ್ಲ. ಮನೆಯೊಳಗೆ ಧನ್ಯವಾದ ಹೇಳಿದರೆ ಅನುಮಾನ. ರಾಯರು ಡೈರಿ ಬಂದ ಹೊಸದರಲ್ಲಿ ಊಟ ಮಾಡಿ ಎದ್ದು ಹೆಂಡತಿಗೆ, "ಹುಳಿ ಚೆನ್ನಾಗಿತ್ತು, ಧನ್ಯವಾದ" ಅಂದರಂತೆ. ಆಕೆ ಹಣೆ ಮುಟ್ಟಿ ನೋಡಿ, ಸಂಜೆ ನಮ್ಮಾಕೆಯ ಹತ್ತಿರ ಬಂದು, "ಯಾಕೋ ಇವರು ಸರಿಯಿಲ್ಲ ಕಣ್ರೀ" ಎಂದರು. ಸೊಪ್ಪಿನ ಅಜ್ಜಿ ಚಿಲ್ಲರೆ ಬಿಟ್ಟುಕೊಟ್ಟಾಗ "ನಿನ್ ಹೊಟ್ಟೆ ತಣ್ಣಗಿರ್ಲಿ ಕಣಪ್ಪ" ಅನ್ನುತ್ತಾಳಲ್ಲ, ನಮ್ಮಲ್ಲಿ ಕೃತಜ್ಞತೆ ಅಂದರೆ ಅದು. ಅದಕ್ಕೆ ಡೈರಿ ಬೇಕಾಗಿಲ್ಲ.

ಅಮೆರಿಕದಲ್ಲಿ ಎಮನ್ಸ್ ಮತ್ತು ಮೆಕಲೋ ಎಂಬಿಬ್ಬರು 2003ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಈ ಡೈರಿಗಳಿಗೆ ದೊಡ್ಡ ಹೆಸರು ಬಂತು. ಅಲ್ಲಿ ಒಂದು ಗುಂಪಿನ ವಿದ್ಯಾರ್ಥಿಗಳು ವಾರಕ್ಕೊಮ್ಮೆ ಕೃತಜ್ಞತೆಯ ಸಂಗತಿಗಳನ್ನು ಬರೆದರು, ಇನ್ನೊಂದು ಗುಂಪು ಕಿರಿಕಿರಿಗಳನ್ನು ಬರೆಯಿತು, ಮೂರನೆಯದು ಸುಮ್ಮನೆ ನಡೆದದ್ದನ್ನು ಬರೆಯಿತು. ಹತ್ತು ವಾರವಾದ ಮೇಲೆ ಮೊದಲ ಗುಂಪಿನವರು ಹೆಚ್ಚು ನೆಮ್ಮದಿಯಾಗಿದ್ದರು. ನಮ್ಮ ರಾಯರು ಒಂದೇ ಪುಟದಲ್ಲಿ ಎರಡು ಗುಂಪಿಗೂ ಸೇರಿದವರು. ಡೈರಿ ನನ್ನ ಕೈಯಲ್ಲೇ ಇದೆ, ನೋಡಿ ಬರೆಯುತ್ತಿದ್ದೇನೆ:

'ಮಗಳು ಫೋನ್ ಮಾಡಿದಳು. ಸಂತೋಷ. ಆದರೆ ಅಳಿಯಂದಿರು ಮಾತಾಡಲಿಲ್ಲ.'

'ಬಿ.ಪಿ. ನಾರ್ಮಲ್. ಆದರೆ ಡಾಕ್ಟರು ಐನೂರು ತೆಗೆದುಕೊಂಡರು.'

'ಮಳೆ ಬಂತು, ದೇವರು ದೊಡ್ಡವನು. ಚಾಪೆ ಒಣಗಿಲ್ಲ.'

ಡೈರಿ ನನ್ನ ಕೈಗೆ ಹೇಗೆ ಬಂತು ಎಂದರೆ, ಅದು ವರ್ಷವರ್ಷವೂ ಬರುತ್ತದೆ. ಫೆಬ್ರವರಿಯಲ್ಲಿ ರಾಯರು ಅದನ್ನು ತಂದು, "ಮೇಷ್ಟ್ರೇ, ಒಳ್ಳೇ ಕಾಗದ, ವೇಸ್ಟ್ ಆಗಬಾರದು" ಎಂದು ಕೊಡುತ್ತಾರೆ. ಅಷ್ಟರಲ್ಲಿ ಹದಿನಾಲ್ಕೋ ಹದಿನೈದೋ ಪುಟ ತುಂಬಿರುತ್ತದೆ. ಅದೂ ದಿನದಿನಕ್ಕೆ ತುಂಬಿದ್ದಲ್ಲ. ಒಂದು ಭಾನುವಾರ ನಾನು ಅವರ ಮನೆಗೆ ಹೋದಾಗ ಆರು ದಿನದ ಕೃತಜ್ಞತೆಯನ್ನು ಒಟ್ಟಿಗೆ ಬರೆಯುತ್ತ ಕೂತಿದ್ದರು. ಮೇಜಿನ ಮೇಲೆ ಮೂರು ಪೆನ್ನು. ಮಂಗಳವಾರಕ್ಕೆ ನೀಲಿ, ಬುಧವಾರಕ್ಕೆ ಕಪ್ಪು, ಗುರುವಾರಕ್ಕೆ ಸ್ವಲ್ಪ ಬರೆದೂ ಬರೆಯದ ಹಾಗಿರುವ ಹಳೇ ನೀಲಿ. "ಒಂದೇ ಇಂಕಾದ್ರೆ ಇನ್‌ಸ್ಪೆಕ್ಷನ್‌ನಲ್ಲಿ ಗೊತ್ತಾಗಿಬಿಡುತ್ತೆ" ಎಂದು ತಲೆ ಎತ್ತದೆ ಹೇಳಿದರು. ಯಾರ ಇನ್‌ಸ್ಪೆಕ್ಷನ್ ಎಂದು ನಾನು ಕೇಳಲಿಲ್ಲ. ಮಾರ್ಚ್ ಮೂವತ್ತೊಂದರ ರಾತ್ರಿ ಗುರುತಿನವರ ಡೆಪಾಸಿಟ್ ತರಿಸಿ ಶಾಖೆಯ ಟಾರ್ಗೆಟ್ಟು ಮುಟ್ಟಿಸಿ, ಏಪ್ರಿಲ್ ಎರಡಕ್ಕೆ ವಾಪಸ್ ಕೊಟ್ಟು ಅಭ್ಯಾಸವಿದ್ದವರು. ಚಿತ್ರಗುಪ್ತನ ಕಣ್ಣಿಗೂ ಮಣ್ಣೆರಚಬಲ್ಲೆ ಎಂಬ ಧೈರ್ಯವಿರಬೇಕು.

ನಮ್ಮ ಮನೆಗೆ ಬಂದ ಮೇಲೆ ಆ ಡೈರಿಗಳು ಹಾಲಿನ ಲೆಕ್ಕಕ್ಕೆ. ಅಡುಗೆಮನೆಯ ಮೊಳೆಗೆ ದಾರ ಕಟ್ಟಿ ತೂಗುಹಾಕುತ್ತೇವೆ. 'ಇಂದು ನಾನು ಯಾವುದಕ್ಕೆ ಕೃತಜ್ಞ?' ಎಂದು ಅಚ್ಚಾದ ಸಾಲಿನ ಕೆಳಗೆ ನಮ್ಮಾಕೆ '1½' ಎಂದು ಬರೆಯುತ್ತಾಳೆ. ಮಾರನೇ ದಿನ '1½'. ಅದರ ಮಾರನೇ ದಿನವೂ.

ಮೊನ್ನೆ ಹಾಲಿನವನ ಜೊತೆ ಎರಡು ಪ್ಯಾಕೆಟಿನ ತಕರಾರಾಯಿತು. ಹಳೇ ಲೆಕ್ಕ ನೋಡಲು ನಾಲ್ಕು ವರ್ಷದ ಡೈರಿಗಳನ್ನು ಕೆಳಗಿಳಿಸಿದೆ. ನಾವಿಬ್ಬರೇ ಇರುವ ಮನೆ, ಒಂದು ಲೀಟರು ಧಾರಾಳ. ಈ ಅರ್ಧ ಲೀಟರ್ ನಂದಿನಿ ಪ್ಯಾಕೆಟ್ ಯಾವಾಗಿನಿಂದ ಸೇರಿತು ಎಂದು ಕೇಳಿದೆ. "ಇನ್ಯಾರಿಗೆ, ರಾಯರಿಗೆ. ಒಂದು ಸಂಕಲ್ಪಕ್ಕೆ ಎರಡು ಲೋಟ" ಎಂದಳು. ಪುಟ ತಿರುವುತ್ತ ಹೋದೆ. '1½', '1½', '1½', ಮಳೆಗಾಲದಲ್ಲೂ, ಶೂನ್ಯಮಾಸದಲ್ಲೂ, ಏಕಾದಶಿಯಲ್ಲೂ. ನಡುವೆ ಎರಡು ವಾರ '1' ಇತ್ತು, ಅವರು ಪುಣೆಗೆ ಹೋದಾಗ. ಇನ್ನೊಂದು ಕಡೆ ಮೂರು ದಿನ, ಸೊಂಟ ಹಿಡಿದುಕೊಂಡಾಗ. ಅಷ್ಟೇ.

ಹಾಗೇ ಈ ವರ್ಷದ ಡೈರಿಯ ಮೊದಲ ಪುಟಗಳ ಮೇಲೆ ಕಣ್ಣು ಹೋಯಿತು. ಜನವರಿ ಒಂಬತ್ತರಲ್ಲಿ, ಬರೆದೂ ಬರೆಯದ ಆ ಹಳೇ ನೀಲಿ ಪೆನ್ನಿನಲ್ಲಿ: 'ಮೇಷ್ಟ್ರ ಮನೆಯಲ್ಲಿ ಕಾಫಿ. ಇವರ ಋಣ ತೀರಿಸಲಾಗದು. ಆದರೆ ಡಿಕಾಕ್ಷನ್ ನೀರು.'

ಮುಚ್ಚಿಡೋಣ ಎನ್ನುವಷ್ಟರಲ್ಲಿ ನಮ್ಮಾಕೆ ಹೆಗಲ ಮೇಲಿಂದ ಓದಿಬಿಟ್ಟಿದ್ದಳು. ಏನೂ ಮಾತಾಡಲಿಲ್ಲ. ಮಾರನೇ ಬೆಳಿಗ್ಗೆ ಫಿಲ್ಟರಿಗೆ ಪುಡಿ ಹಾಕುವಾಗ ಚಮಚದ ಸದ್ದು ಎರಡು ಸಲ ಹೆಚ್ಚು ಕೇಳಿಸಿತು.

ಆರೂಮುಕ್ಕಾಲಿಗೆ ಗೇಟಿನ ಚಿಲಕ ಸದ್ದಾಯಿತು. ರಾಯರು ಬಂದರು, ಕೂತರು, ಒಂದು ಗುಟುಕು ಕುಡಿದರು, ಲೋಟದೊಳಕ್ಕೆ ನೋಡಿದರು.

"ಮೇಷ್ಟ್ರೇ, ಯಾಕೋ ಈ ಕಾಫಿ ಜಾಸ್ತಿ ಆಯ್ತು ಅನ್ಸುತ್ತೆ. ಬರೋ ಸೋಮವಾರದಿಂದ ಬಿಟ್ಟುಬಿಡೋಣ ಅಂತ."

"ಏನ್ರೀ," ಒಳಗಿನಿಂದ ನಮ್ಮಾಕೆಯ ದನಿ ಬಂತು. "ಸೋಮವಾರದಿಂದ ಅರ್ಧ ಲೀಟರ್ ಕಮ್ಮಿ ಮಾಡು ಅಂತ ಹಾಲಿನವನಿಗೆ ಹೇಳ್ಲಾ?"

"ಬೇಡ" ಎಂದೆ.