ತೆಂಗಿನಕಾಯಿಯ ಏಕಾಗ್ರತೆ

"ಮಗ ಏನ್ ಮಾಡ್ತಾನೆ?" ಎಂದು ತಿಪಟೂರಿನಲ್ಲಿ ಯಾರಾದರೂ ಕೇಳಿದರೆ ಅಮ್ಮ "ಅದೇನೋ ತಲೆಗೆ ಸಂಬಂಧಪಟ್ಟದ್ದು" ಎನ್ನುತ್ತಾಳೆ. ಕೇಳಿದವರು ದನಿ ತಗ್ಗಿಸಿ "ಪಾಪ, ಯಾವಾಗಿಂದ?" ಎನ್ನುತ್ತಾರೆ.

ಬೆಂಗಳೂರಿನಲ್ಲಿ ಆಗಷ್ಟೇ ಶುರುವಾಗಿದ್ದ ಕಂಪ್ಯೂಟೇಷನಲ್ ನ್ಯೂರೋಸೈನ್ಸ್ ಲ್ಯಾಬಿಗೆ ನಾನು ಸೇರಿದ್ದೆ. ಮಿದುಳಿನ ಸುಮಾರು 8,600 ಕೋಟಿ ನರಕೋಶಗಳ ವ್ಯವಹಾರವನ್ನು ಲೆಕ್ಕಕ್ಕೆ ಇಳಿಸುವ ಕಸುಬು ಅದು. ಸಂದರ್ಶನಕ್ಕೆಂದು 1952ರ ಹಾಡ್ಜ್‌ಕಿನ್–ಹಕ್ಸ್ಲಿ ಸಮೀಕರಣಗಳನ್ನು ಉರು ಹೊಡೆದಿದ್ದೆ. ಸ್ಕ್ವಿಡ್ ಎಂಬ ಕಡಲಜೀವಿಯ ದಪ್ಪ ನರದಲ್ಲಿ ವಿದ್ಯುತ್ತು ಹೇಗೆ ಹರಿಯುತ್ತದೆಂದು ಒಂದೇ ಉಸಿರಿಗೆ ಒಪ್ಪಿಸಿದೆ. ಪೂರ್ತಿ ಕೇಳಿಸಿಕೊಂಡ ಮೇಡಂ "ಗೋಡೆಗೆ ಡ್ರಿಲ್ ಹೊಡೆಯೋಕೆ ಬರುತ್ತಾ?" ಎಂದರು. ಬರುತ್ತೆ ಎಂದೆ. ಕೆಲಸ ಸಿಕ್ಕಿತು.

ಹೊಸ ಲ್ಯಾಬು ಎಂದರೆ ಗೃಹಪ್ರವೇಶ ಮುಗಿದು ಪಾತ್ರೆ ಬಾರದ ಮನೆ. ಮಿದುಳಿನ ಅಲೆ ಹಿಡಿಯುವ ಇಇಜಿ ಯಂತ್ರ ಬಂದಿತ್ತು, ಅದನ್ನಿಡಲು ಮೇಜು ಬಂದಿರಲಿಲ್ಲ. ಸಂಶೋಧನಾ ನೀತಿ ಸಮಿತಿಯ ಒಪ್ಪಿಗೆ ಸಿಗುವತನಕ ಹೊರಗಿನವರ ತಲೆ ಮುಟ್ಟುವಂತಿರಲಿಲ್ಲ. ಯಂತ್ರ ಪರೀಕ್ಷಿಸಲು ಉಳಿದ ತಲೆ ನನ್ನದು.

ಮುಂಚಿನ ದಿನ ಶಾಂಪೂ ಹಾಕಿ ತೊಳೆದುಕೊಳ್ಳಬೇಕು, ಎಣ್ಣೆ ಕೂಡದು ಎಂದು ಮೇಡಂ ಹೇಳಿದ್ದರು. ಆ ಭಾನುವಾರ ನಾನಿದ್ದದ್ದು ತಿಪಟೂರಿನಲ್ಲಿ. ಕೊಬ್ಬರಿಯ ಊರು. ಮಗ ತಲೆ ಖರ್ಚು ಮಾಡುವ ಕೆಲಸಕ್ಕೆ ಸೇರಿದ್ದಾನೆಂದು ಅಮ್ಮ ಗಾಣದ ಎಣ್ಣೆಯನ್ನು ಅಂಗೈ ತುಂಬ ಸುರಿದು ನೆತ್ತಿಗೆ ತಟ್ಟಿದಳು. ವಿಜ್ಞಾನದ ಮಾತೆತ್ತಲು ನನಗೆ ಧೈರ್ಯ ಬರಲಿಲ್ಲ.

ಸೋಮವಾರ ಟೋಪಿ ಹಾಕಿ, ಒಂದೊಂದು ಎಲೆಕ್ಟ್ರೋಡಿನಡಿಗೂ ಜೆಲ್ ತುಂಬಿದರು. ಚರ್ಮಕ್ಕೆ ಸಂಪರ್ಕ ಸಿಕ್ಕಿದರೆ ಪರದೆಯಲ್ಲಿ ಹಸಿರು ಚುಕ್ಕಿ, ಸಿಗದಿದ್ದರೆ ಕೆಂಪು. ನನ್ನ ತಲೆ ದಾಳಿಂಬೆ ಬಿಡಿಸಿಟ್ಟಂತೆ ಕಾಣುತ್ತಿತ್ತು. ವಾಷ್‌ಬೇಸಿನ್ನಿನಲ್ಲಿ ಎರಡು ಸಲ ಹ್ಯಾಂಡ್‌ವಾಶ್ ಹಾಕಿ ತಿಕ್ಕಿದ ಮೇಲೆ ನಾಲ್ಕಾರು ಕಾಳು ಹಸಿರಾದವು.

ಪರೀಕ್ಷೆ 1935ರಲ್ಲಿ ಸ್ಟ್ರೂಪ್ ಬರೆದದ್ದರ ಕನ್ನಡ ಅವತಾರ, ತಯಾರಿಸಿದವನು ನಾನೇ. "ಹಸಿರು" ಎಂಬ ಪದ ಕೆಂಪಕ್ಷರದಲ್ಲಿರುತ್ತದೆ. ಪದ ಓದದೆ ಬಣ್ಣ ಹೇಳಬೇಕು. ನಾನೇ ತೋಡಿದ ಹಳ್ಳಕ್ಕೆ ನಾನೇ ಬಿದ್ದೆ, ಅದೂ ಮತ್ತೆ ಮತ್ತೆ. ಆಮೇಲೆ ಕೂತ ಕೋಲ್ಕತ್ತದ ಸಹೋದ್ಯೋಗಿ ಒಂದೂ ತಪ್ಪದೆ ಪಟಪಟನೆ ಹೇಳಿದ. ಅಕ್ಷರ ಓದಲು ಬಂದರೆ ತಾನೇ ಮಿದುಳು ತಡವರಿಸುವುದು? "ಕನ್ನಡ್ ಗೊತ್ತಿಲ್ಲ" ಎಂಬ ಅವನ ಎರಡು ವರ್ಷದ ಸಾಧನೆಗೆ ಮೊದಲ ಬಹುಮಾನ ನನ್ನ ಕೈಯಿಂದಲೇ ಸಂದಿತು.

ಅವಮಾನ ತೊಳೆಯಲು ರಾತ್ರಿಯಿಡೀ ಕೂತು ನನ್ನ ಅಲೆಗಳನ್ನು ಜಾಲಾಡಿದೆ. ಸಿಕ್ಕೇಬಿಟ್ಟಿತು! ಸರಿಯಾಗಿ 50 ಹರ್ಟ್ಸ್‌ನಲ್ಲಿ ಗೋಪುರದಂಥ ಶಿಖರ. ಅದು ಗ್ಯಾಮಾ ಅಲೆಗಳ ವಲಯ. ಗಮನಕ್ಕೂ ಅವಕ್ಕೂ ನಂಟಿದೆಯೆಂದು ಓದಿದ್ದೆ. ತಪ್ಪು ಉತ್ತರ ಕೊಟ್ಟರೇನು, ಎಂಥಾ ಏಕಾಗ್ರತೆ! ರಾತ್ರಿ ಎರಡಕ್ಕೆ ಎಲ್ಲರಿಗೂ ಮೇಲ್ ಕಳಿಸಿದೆ.

ಬೆಳಿಗ್ಗೆ ಮೇಡಂ ಮಾತಾಡಲಿಲ್ಲ. ಊರಿಂದ ನಾನೇ ತಂದುಕೊಟ್ಟಿದ್ದ ತೆಂಗಿನಕಾಯಿಯನ್ನು ಮೇಜಿನ ಮೇಲಿಟ್ಟು (ಮೇಜು ಬಂದಿತ್ತು), ಜೆಲ್ ಹಚ್ಚಿ ನಾಲ್ಕು ಎಲೆಕ್ಟ್ರೋಡು ಅಂಟಿಸಿದರು. ಪರದೆಯಲ್ಲಿ 50 ಹರ್ಟ್ಸ್ ಶಿಖರ ಎದ್ದಿತು. ಕಾಯಿಯ ಏಕಾಗ್ರತೆ ನನ್ನದಕ್ಕಿಂತ ಒಂದು ಕೈ ಮೇಲೆಯೇ.

"ಗೋಡೆ ಪ್ಲಗ್ಗಿನ ಕರೆಂಟು ಸೆಕೆಂಡಿಗೆ ಎಷ್ಟು ಸಲ ಹೊಯ್ದಾಡುತ್ತೆ?" ಎಂದರು.

"ಐವತ್ತು."

"ಸಂಪರ್ಕ ಸರಿಯಿಲ್ಲದ ಎಲೆಕ್ಟ್ರೋಡು ಅದನ್ನೇ ಹೀರಿಕೊಳ್ಳುತ್ತೆ. ಸಂಪರ್ಕ ಯಾಕೆ ಸರಿಯಿರಲಿಲ್ಲ?"

ನಾನು ನೆತ್ತಿ ಸವರಿಕೊಂಡೆ. ಕೈ ಜಿಡ್ಡಾಯಿತು.

ಸಂಜೆ ಅಮ್ಮನ ಫೋನು. "ನಿನ್ ತಲೇಲಿ ಏನ್ ಸಿಕ್ತಂತೋ?"

"ಕರೆಂಟಮ್ಮ."

"ಇಲ್ಲಿ ಬೆಳಿಗ್ಗೆಯಿಂದ ಇಲ್ಲ ಕಣೋ. ದೋಸೆಗೆ ನೆನೆಹಾಕಿದ್ದು ಹಾಗೇ ಕೂತಿದೆ."