ಹಲಗೆ ರಾಯರು

ಭಾನುವಾರ ಬೆಳಿಗ್ಗೆ ವಾಹನ ಬಿಡದ ಕಬ್ಬನ್ ಪಾರ್ಕಿನ ರಸ್ತೆಯಲ್ಲಿ ಲಾಂಗ್‌ಬೋರ್ಡ್ ಎಂಬ ಚಕ್ರದ ಹಲಗೆಯ ಮೇಲೆ ಜಾರಿಕೊಂಡು ಹೋಗುವವರು ಬೇರೆ. ಅಲ್ಲೇ ಕಲ್ಲುಬೆಂಚಿನ ಮೇಲೆ ಬೋರ್ಡನ್ನು ಅಂಗಾತ ಮಲಗಿಸಿ, ಸ್ಪ್ಯಾನರಿನಲ್ಲಿ ಒಂದು ನಟ್ಟನ್ನು ಕಾಲು ಸುತ್ತು ಬಿಗಿಮಾಡಿ, ಕಣ್ಣು ಮುಚ್ಚಿ ಯೋಚಿಸಿ, ಮತ್ತೆ ಅದನ್ನೇ ಕಾಲು ಸುತ್ತು ಸಡಿಲಿಸುವವರು ಬೇರೆ. ಈ ಎರಡನೆಯವರೇ ಹಲಗೆ ರಾಯರು. ಬೆಂಗಳೂರಿನಲ್ಲಿ ಇಂಥವರು ಎಷ್ಟಿದ್ದಾರೋ, ನಮ್ಮ ಅಪಾರ್ಟ್‌ಮೆಂಟಿಗಂತೂ ಒಬ್ಬರಿದ್ದಾರೆ. ನಲವತ್ತರ ಆಸುಪಾಸು, ಸಾಫ್ಟ್‌ವೇರ್ ಕೆಲಸ. ಹೆಸರು ಬಂದದ್ದು ಅವರ ತಾಯಿಯಿಂದ: "ಅವನ ಹಲಗೆ ಮುಟ್ಟಬೇಡ್ರಪ್ಪ, ಮಡೀಲಿದೆ."

ರಾಯರನ್ನು ಕೆಡಿಸಿದ್ದು ಅಂಗಡಿಯ ಹುಡುಗ. "ಯಾವ ಥರ ಓಡಿಸ್ತೀರ ಸಾರ್?" ಎಂದು ಕೇಳಿಬಿಟ್ಟ. ಓಡಿಸುವುದರಲ್ಲೂ ಥರಗಳಿವೆ ಎಂದು ರಾಯರಿಗೆ ಗೊತ್ತಾದದ್ದು ಆಗಲೇ. ಊರಲ್ಲಿ ಆರಾಮಾಗಿ ಸುತ್ತುವುದು ಕ್ರೂಸಿಂಗ್, ಹಾವಿನ ಹಾಗೆ ಬಳುಕಿ ಹೋಗುವುದು ಕಾರ್ವಿಂಗ್, ಹಲಗೆಯ ಮೇಲೆ ಹೆಜ್ಜೆ ಹಾಕುವುದು ಡ್ಯಾನ್ಸಿಂಗ್, ಬೆಟ್ಟ ಇಳಿಯುವುದು ಡೌನ್‌ಹಿಲ್. ಸಾಮಾನ್ಯ ಮನುಷ್ಯ ಒಂದನ್ನು ಆರಿಸಿಕೊಳ್ಳುತ್ತಾನೆ. ರಾಯರು "ಎಲ್ಲಾ" ಎಂದರು.

ಮೊದಲು ಬಂದದ್ದು ಡ್ರಾಪ್‌ಥ್ರೂ. ಚಕ್ರದ ಅಚ್ಚು ಹೊತ್ತ ಟ್ರಕ್ಕನ್ನು ಇದರಲ್ಲಿ ಹಲಗೆಯ ಕಿಂಡಿಯೊಳಗಿಂದ ತೂರಿಸಿ ಕೂಡಿಸಿರುತ್ತಾರೆ. ಹಲಗೆ ನೆಲಕ್ಕೆ ಹತ್ತಿರ, ಒದ್ದು ಒದ್ದು ಸಾಗುವವರ ಮಂಡಿಗೆ ಸುಖ. ಆಫೀಸಿಗೆ ಇದರಲ್ಲೇ ಹೋಗುವುದೆಂದು ನಿಶ್ಚಯವಾಯಿತು. ಆಮೇಲೆ ದಾರಿಯ ಹಂಪುಗಳನ್ನು ಎಣಿಸಿ, ಒಂದೊಂದಕ್ಕೂ ಹಲಗೆಯ ಹೊಟ್ಟೆ ತಗುಲುತ್ತದೆಂದು ಲೆಕ್ಕ ಹಾಕಿ, ಎತ್ತರದ ಟಾಪ್‌ಮೌಂಟ್ ತರಿಸಿದರು. ಅದರ ಮೇಲೆ ನಿಂತು ವಾಲಿದರೆ ಚಕ್ರ ಹಲಗೆಗೆ ಕಚ್ಚುವ ಭಯ. ಕಚ್ಚಿದರೆ ಚಕ್ರ ನಿಲ್ಲುತ್ತದೆ, ಮೇಲಿದ್ದವರು ನಿಲ್ಲುವುದಿಲ್ಲ. ಅದಕ್ಕೆ ಹಲಗೆಯನ್ನು ಟ್ರಕ್ಕಿನಿಂದ ಮೇಲೆತ್ತಲು ಕಾಲಿಂಚಿನ ರೈಸರ್ ಬಂತು. ರೈಸರಿಗೆ ಉದ್ದದ ಬೋಲ್ಟ್ ಬಂತು. ಎಷ್ಟೊಂದು ಬಂದರೂ ಆಫೀಸಿಗೆ ಮಾತ್ರ ಕ್ಯಾಬೇ ಬರುತ್ತಿತ್ತು.

ಬುಷಿಂಗಿನ ಕಥೆ ಬೇರೆಯೇ. ಟ್ರಕ್ಕಿನೊಳಗಿನ ಹೆಬ್ಬೆಟ್ಟಿನಷ್ಟು ದಪ್ಪದ ಈ ಯುರೇಥೇನ್ ತುಂಡೇ ಬೋರ್ಡು ಎಷ್ಟು ಸಲೀಸಾಗಿ ತಿರುಗಬೇಕೆಂದು ತೀರ್ಮಾನಿಸುವುದು. 78ಎ ಎಂದರೆ ಮೆತ್ತಗೆ, 95ಎ ಎಂದರೆ ಗಟ್ಟಿ; ಆರಿಸುವುದು ಮುಖ್ಯವಾಗಿ ಓಡಿಸುವವರ ತೂಕ ನೋಡಿ. ಹಾಗಾಗಿ ಯಾರು ಸಿಕ್ಕರೂ ರಾಯರು ಹಳಬರು ಗೋತ್ರ ಕೇಳುವ ಹಾಗೆ ತೂಕ ಕೇಳುತ್ತಾರೆ. ಅವರದು ದೀಪಾವಳಿಗೆ ಮುಂಚೆ 87ಎ, ಆದಮೇಲೆ 90ಎ. "ಇವರು ದಪ್ಪ ಆಗಿದ್ದು ಡಾಕ್ಟರಿಗಿಂತ ಮೊದಲು ಬುಷಿಂಗಿಗೆ ಗೊತ್ತಾಗುತ್ತೆ" ಎನ್ನುತ್ತಾರೆ ಅವರ ಮನೆಯವರು.

ಚಕ್ರದ ಮಾತು ಬಂದರೆ ರಾಯರ ದನಿ ಗದ್ಗದವಾಗುತ್ತದೆ. ಮೊದಲೆಲ್ಲ ಜೇಡಿಯ ಚಕ್ರಗಳಿದ್ದವಂತೆ, ಸಣ್ಣ ಕಲ್ಲು ಸಿಕ್ಕರೂ ಸವಾರ ನೆಲಕ್ಕೆ. 1970ರ ದಶಕದ ಆರಂಭದಲ್ಲಿ ಫ್ರ್ಯಾಂಕ್ ನಾಸ್‌ವರ್ದಿ ಎಂಬ ಪುಣ್ಯಾತ್ಮ ಯುರೇಥೇನ್ ಚಕ್ರ ತಂದು ಕ್ಯಾಲಿಫೋರ್ನಿಯದ ಹುಡುಗರ ಮೊಣಕೈ ಉಳಿಸಿದ. ಆತನ ಮೇಲಿನ ಗೌರವಕ್ಕೋ ಏನೋ, ರಾಯರು ತಮ್ಮ 70 ಮಿಲಿಮೀಟರ್ ಚಕ್ರಗಳಿಗೆ ಈವರೆಗೆ ಒಂದು ಕಲ್ಲನ್ನೂ ತಾಗಿಸಿಲ್ಲ.

ಬೇರಿಂಗ್ ಮಾತ್ರ ಅವರಿಗೆ ಕೈಕೊಟ್ಟಿತು. ಎಬೆಕ್ 9 ಎಂದರೆ ವೇಗ ಹೆಚ್ಚೆಂದು ನಂಬಿ ದುಡ್ಡು ಸುರಿದರು. ಆ ಅಂಕ ತಯಾರಿಕೆಯ ನಿಖರತೆಗೆ ಕೊಡುವುದು, ರಸ್ತೆಯ ಓಟಕ್ಕಲ್ಲ ಎಂದು ಆಮೇಲೆ ತಿಳಿಯಿತು. 8 ಮಿಲಿಮೀಟರ್ ತೂತಿನ ಅದೇ 608 ಅಳತೆಯ ಬೇರಿಂಗು ಮಗನ ಸ್ಪಿನ್ನರಿನಲ್ಲೂ ಇದೆ, ಮತ್ತು ಅದು ದಿನಾ ತಿರುಗುತ್ತದೆ. ರಾಯರು ಸೋಲೊಪ್ಪದೆ ಎಂಟೂ ಬೇರಿಂಗುಗಳನ್ನು ಬಿಚ್ಚಿ ಸ್ಪಿರಿಟ್ಟಿನಲ್ಲಿ ನೆನೆಹಾಕಿದರು. ಕೈಗೆ ಸಿಕ್ಕಿದ ಪಾತ್ರೆ ತಾಯಿಯ ಪಂಚಪಾತ್ರೆಯಾಗಿತ್ತು. ಆ ವಾರ ನಾವ್ಯಾರೂ ಅವರ ಮನೆ ಕಡೆ ಹೋಗಲಿಲ್ಲ.

2017ರಲ್ಲಿ ಪೀಟ್ ಕನಾಲಿ ಎಂಬಾತ ಕೆನಡಾದ ಕ್ವಿಬೆಕ್‌ನಲ್ಲಿ ಗಂಟೆಗೆ 146.73 ಕಿಲೋಮೀಟರ್ ವೇಗದಲ್ಲಿ ಇಳಿದದ್ದನ್ನು ಕಂಡ ಮೇಲೆ ರಾಯರಿಗೆ ನಂದಿಬೆಟ್ಟದ ಕನಸು ಬೀಳತೊಡಗಿತು. 50 ಡಿಗ್ರಿಯ ಟ್ರಕ್ ಬಿಚ್ಚಿ 44 ಡಿಗ್ರಿಯದು ಹಾಕಿದರು. ಕೋನ ಕಡಿಮೆಯಾದರೆ ಬೋರ್ಡು ತಿರುಗುವುದೂ ಕಡಿಮೆ, ವೇಗದಲ್ಲಿ ನಡುಗುವುದೂ ಕಡಿಮೆ. ಅಭ್ಯಾಸಕ್ಕೆ ನಮ್ಮಲ್ಲಿರುವ ಏಕೈಕ ಇಳಿಜಾರು ಬೇಸ್‌ಮೆಂಟಿನ ರ‍್ಯಾಂಪು. ಕಾರು ಜಾರದಿರಲೆಂದು ಅದಕ್ಕೆ ಉದ್ದಕ್ಕೂ ಅಡ್ಡಗೆರೆ ಕೊರೆದಿದ್ದಾರೆ. ರಾಯರು ಅದರ ಮುಂದೆ ಹೆಲ್ಮೆಟ್ ತೊಟ್ಟು ಬಹಳ ಹೊತ್ತು ನಿಂತಿದ್ದು, ಅಸೋಸಿಯೇಷನ್ನಿಗೆ ಒಂದು ಅರ್ಜಿ ಬರೆದರು.

ಹಾಗೆಂದು ಅವರದು ಪೊಳ್ಳು ಪಾಂಡಿತ್ಯವಲ್ಲ. ಕೆಳಗಿನ ಬ್ಲಾಕಿನ ಕಾಲೇಜು ಹುಡುಗಿ ಕೇಳಿದಾಗ ಒಂದೇ ಉಸಿರಿಗೆ ಹೇಳಿದರು: "ಮೂವತ್ತೆಂಟು ಇಂಚಿನ ಡ್ರಾಪ್‌ಥ್ರೂ, 180ರ ಟ್ರಕ್ಕು, 78ಎ ಚಕ್ರ ತಗೊಳಮ್ಮ. ಹೆಲ್ಮೆಟ್ ಮರೀಬೇಡ. ಜಾಸ್ತಿ ಯೋಚನೆ ಮಾಡ್ಬೇಡ." ಅವಳು ಮಾಡಲಿಲ್ಲ, ಈಗ ಹಾಲು ತರಲೂ ಅದರಲ್ಲೇ ಹೋಗುತ್ತಾಳೆ.

ಮೊನ್ನೆ ಲಿಫ್ಟಿನಲ್ಲಿ ಸಿಕ್ಕರು. ಬಿದಿರಿನ ಹೊಸ ಡೆಕ್ ಬರುತ್ತಿದೆಯಂತೆ.

"ಹಾಗಾದ್ರೆ ಓಡಿಸೋದು?" ಎಂದೆ.

"ನಿಮ್ಮ ತೂಕ ಎಷ್ಟು ಸಾರ್?"

"ಎಪ್ಪತ್ತೆರಡು."

ಜೇಬಿನಿಂದ ಕಿತ್ತಳೆ ಬಣ್ಣದ ಎರಡು ಬುಷಿಂಗ್ ತೆಗೆದು ಕೈಗಿಟ್ಟರು. "85ಎ. ಇಟ್ಕೊಳಿ, ಮನೇಲಿ ಒಂದು ಡಬ್ಬಿ ಇದೆ."

ನನ್ನ ಹತ್ತಿರ ಬೋರ್ಡಿಲ್ಲ. ಅಲ್ಲಾಡುತ್ತಿದ್ದ ನಮ್ಮ ವಾಷಿಂಗ್ ಮೆಷಿನ್ನಿನ ಕಾಲಿಗೆ ಅವನ್ನು ಕೊಟ್ಟಿದ್ದೇವೆ. ರಾಯರು ಬಂದು ಬಗ್ಗಿ ನೋಡಿ, ಮೆಷಿನ್ ಎಷ್ಟು ಕೆಜಿ ಎಂದು ವಿಚಾರಿಸಿದರು. 90ಎ ಹಾಕಬೇಕಿತ್ತಂತೆ.